ಜಡೆ ಹಾಕಲು ಲೀಡ್ಸಿಗೆ ಹೋದದ್ದು

ಕಂಕನಾಡಿ

ಸುದ್ದಿ ಬಂದಾಗ ನಾನು ಹಿತ್ತಿಲ ಕಲ್ಲಿನ ಬಳಿ ಕೂತು ಬಂಗುಡೆ ತೊಳೆಯುತ್ತಿದ್ದೆ. ಜನವರಿ ತಿಂಗಳು, ಒಳ್ಳೆಯ ಮೀನು ಸಿಗುವ ಕಾಲ. ಎರಡು ಬೆಕ್ಕು ಪಕ್ಕದಲ್ಲಿ ಕಾವಲು ಕೂತಿದ್ದವು. ಇವರು ಹೋಟೆಲಿನಿಂದ ನಡುಹಗಲಲ್ಲಿ ಓಡಿಕೊಂಡು ಬಂದದ್ದನ್ನು ನೋಡಿ ಮೀನನ್ನು ಬೆಕ್ಕುಗಳ ಪಾಲಿಗೆ ಬಿಟ್ಟು ಎದ್ದೆ. ಮಾರ್ಕೆಟ್ಟಿನ ಹತ್ತಿರ ನಮ್ಮದೊಂದು ಸಣ್ಣ ಊಟದ ಹೋಟೆಲು. ಊಟದ ಹೊತ್ತಿನಲ್ಲಿ ಆಕಾಶ ಬಿದ್ದರೂ ಇವರು ಜಾಗ ಬಿಟ್ಟು ಏಳುವವರಲ್ಲ.

"ಹೋಟೆಲಿಗೆ ಟ್ರಂಕ್ ಕಾಲ್ ಬಂತು. ಸುನಂದ ಬಿದ್ದಳಂತೆ."

"ಅಯ್ಯೋ ದೇವರೆ, ಎಲ್ಲಿಂದ?"

"ಎಲ್ಲಿಂದಲೂ ಅಲ್ಲ ಮಾರಾಯ್ತಿ, ನಡೆಯುವಾಗ. ಹಿಮದಲ್ಲಿ ಜಾರಿದ್ದು. ಬಲಗೈ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ."

ಸುನಂದ ಇವರ ತಂಗಿ. ಇಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಎಂಟು ವರ್ಷ ಪಾಠ ಮಾಡಿದವಳು. ಅಂಥ ಮಕ್ಕಳಿಗೆ ಕಲಿಸುವುದು ಹೇಗೆಂಬುದನ್ನೇ ಮೇಲಿನ ತರಗತಿಯಲ್ಲಿ ಓದಲು ಒಂದು ವರ್ಷದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಲೀಡ್ಸ್ ಎಂಬ ಊರಿಗೆ ಹೋಗಿದ್ದಳು. "ಮದುವೆ ಪ್ರಾಯ ದಾಟ್ತಾ ಉಂಟು, ಇನ್ನು ಎಂತ ಓದು?" ಎಂದು ಕೇಳದ ನೆಂಟರಿಲ್ಲ. ನನ್ನ ಅತ್ತೆ ಒಬ್ಬರೇ "ಅವಳು ಹೋಗಲಿ" ಎಂದದ್ದು. ಅತ್ತೆ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎರಡನೆಯ ಮಾತಿಲ್ಲ.

ಕೈ ಮುರಿದದ್ದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಫೆಬ್ರವರಿ ಕೊನೆಯಲ್ಲಿ ಅವಳು ಪರೀಕ್ಷಕರ ಮುಂದೆ ಕಿವುಡ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಅದರಲ್ಲಿ ಪಾಸಾಗದಿದ್ದರೆ ಪದವಿ ಇಲ್ಲ. ಮತ್ತೊಂದು ವರ್ಷ ಅಲ್ಲಿ ಉಳಿಯಲು ವೇತನವೂ ಇಲ್ಲ, ಇಲ್ಲಿನ ಶಾಲೆಯಲ್ಲಿ ರಜೆಯೂ ಇಲ್ಲ. ಬರಿಗೈಯಲ್ಲಿ ಬಂದರೆ ನೆಂಟರ ಬಾಯಿ ಮುಚ್ಚಿಸುವವರು ಯಾರು?

"ಬರೆಯಲಿಕ್ಕೆ ಆಗುವುದಿಲ್ಲ, ಅಡಿಗೆ ಆಗುವುದಿಲ್ಲ," ಎಂದು ಇವರು ಹೇಳುತ್ತಿದ್ದಂತೆ ಅತ್ತೆ ಒಳಗಿನಿಂದ ಕೇಳಿದರು: "ಅವಳ ಆ ಕೂದಲನ್ನು ಯಾರು ಕಟ್ಟುವುದು?"

ಸುನಂದಳ ಕೂದಲು ಮೊಣಕಾಲಿಗೆ ಬರುತ್ತದೆ. ತಾಯಿ ಮಗ ಇಬ್ಬರೂ ನನ್ನನ್ನು ನೋಡಿದರು.

ಎಂಟನೆಯ ತರಗತಿವರೆಗೆ ಓದಿದ ನಾನು ಅದುವರೆಗೆ ಧರ್ಮಸ್ಥಳದಿಂದ ಆಚೆ ಹೋದವಳಲ್ಲ. ಆದರೆ ದೇವರು ದೊಡ್ಡವನು. ಎರಡು ವರ್ಷದ ಹಿಂದೆ ಬಹರೇನಿನಲ್ಲಿರುವ ಮೈದುನನ ಮನೆಗೆ ಹೋಗುವುದೆಂದು ಪಾಸ್‌ಪೋರ್ಟ್ ಮಾಡಿಸಿದ್ದೆವು. ಆ ಪ್ರಯಾಣ ತಪ್ಪಿದಾಗ ನಾನು ದೇವರಲ್ಲಿ ಮುನಿಸಿಕೊಂಡಿದ್ದೆ. ಈಗ ಕಬ್ಬಿಣದ ಪೆಟ್ಟಿಗೆಯಲ್ಲಿ ಜಾತಕಗಳ ಅಡಿಯಿಂದ ಅದನ್ನು ತೆಗೆದಾಗ ನಾಚಿಕೆಯಾಯಿತು. ಯಾವುದನ್ನು ಯಾವುದಕ್ಕೆ ಇಟ್ಟಿರುತ್ತಾನೋ, ನಮಗೇನು ಗೊತ್ತು?

ಲಂಡನ್ ವಿಮಾನ ನಿಲ್ದಾಣ

ಎರಡು ವಿಮಾನಗಳ ವಿಚಾರ ಬರೆಯುವಂಥದ್ದು ಏನೂ ಇಲ್ಲ. ಕಣ್ಣು ಮುಚ್ಚಿ ಕದ್ರಿ ಮಂಜುನಾಥನನ್ನು ನೆನೆಯುತ್ತಾ ಕೂತಿದ್ದೆ, ಅವನು ಇಳಿಸಿದ.

ಲಂಡನ್ನಿನಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಎಂತಕ್ಕೆ ಬಂದದ್ದೆಂದು ಕೇಳಿದ. ಹೇಳಬೇಕಾದ್ದನ್ನೆಲ್ಲ ಇವರು ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿಸಿದ್ದರು. ಅವನ ನೀಲಿ ಕಣ್ಣು ನೋಡಿದ್ದೇ ಎಲ್ಲ ಮರೆತುಹೋಯಿತು. ನೆನಪಾದದ್ದು ಅತ್ತೆಯ ಮಾತು. ಬಲಗೈಯನ್ನು ಮುರಿದಂತೆ ತೋರಿಸಿ, ನನ್ನ ಜಡೆಯನ್ನು ಮುಂದಕ್ಕೆ ತಂದು, ಮೂರು ಎಳೆ ಹೆಣೆಯುವುದನ್ನು ಕೈಯಲ್ಲಿ ಮಾಡಿ ತೋರಿಸಿ, "ಸಿಸ್ಟರ್. ಹೇರ್," ಎಂದೆ.

ಅವನು ಪಕ್ಕದವನನ್ನು ಕರೆದ. ಅವನ ಮುಂದೆಯೂ ಒಮ್ಮೆ ಹೆಣೆದೆ. ಇಬ್ಬರೂ ನಾನು ತಂದಿದ್ದ ಸುನಂದಳ ಕಾಲೇಜಿನ ಕಾಗದ ಓದಿದರು, ತುಟಿ ಬಿಗಿಹಿಡಿದು ನಗು ತಡೆದರು, ಮುದ್ರೆ ಒತ್ತಿದರು.

ಚೀಲ ಪರೀಕ್ಷಿಸುವಲ್ಲಿ ಇನ್ನೊಂದು ಕಥೆ. ನಾನು ತಂದ ತೆಂಗಿನೆಣ್ಣೆ ಚಳಿಗೆ ಬೆಣ್ಣೆಯಂತೆ ಬಿಳಿಯಾಗಿ ಗಟ್ಟಿಯಾಗಿತ್ತು. ಆ ಮನುಷ್ಯ ಬಾಟಲಿ ತಲೆಕೆಳಗೆ ಹಿಡಿದು ಅಲ್ಲಾಡಿಸಿದ. ನಾನೂ ಹೆದರಿದೆ, ಎಣ್ಣೆ ಸತ್ತುಹೋಯಿತೆಂದು. ಊರಿನಲ್ಲಿ ಎಣ್ಣೆ ಹೀಗಾದದ್ದನ್ನು ನಾನು ಕಂಡದ್ದೇ ಇಲ್ಲ. ಲೀಡ್ಸಿನಲ್ಲಿ ಸುನಂದ ಅದನ್ನು ಒಲೆಯ ಬದಿಗಿಟ್ಟಳು; ಐದು ನಿಮಿಷದಲ್ಲಿ ಜೀವ ಬಂತು.

ಲೀಡ್ಸ್, ಮೊದಲ ವಾರ

ಸುನಂದ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಕುತ್ತಿಗೆಗೆ ಜೋತುಬಿದ್ದ ಪ್ಲಾಸ್ಟರ್ ಕೈ, ಟವೆಲಿನಲ್ಲಿ ಸುತ್ತಿ ತಲೆಯ ಮೇಲೆ ಕಟ್ಟಿದ ಕೂದಲು. ನನ್ನನ್ನು ಕಂಡದ್ದೇ ಅಳಲು ಶುರುಮಾಡಿದಳು.

"ಅತ್ತಿಗೆ, ಹತ್ತು ದಿವಸ ಆಯ್ತು ಬಾಚಣಿಗೆ ಮುಟ್ಟದೆ."

"ಅದಕ್ಕೇ ಅಲ್ವಾ ನಾನು ಬಂದದ್ದು? ಸರಕಾರಿ ಮುದ್ರೆ ಒತ್ತಿಸಿಕೊಂಡು ಬಂದಿದ್ದೇನೆ," ಎಂದೆ. ಅಧಿಕಾರಿಯ ಕಥೆ ಹೇಳಿದ ಮೇಲೆ ನಕ್ಕಳು. ಆ ಸಂಜೆ ಸಿಕ್ಕು ಬಿಡಿಸಲು ಎರಡು ಗಂಟೆ ಹಿಡಿಯಿತು.

ಅವಳ ಬಿಡಾರ ಹಳೆಯ ಮನೆಯೊಂದರ ಮಹಡಿಯಲ್ಲಿ: ಒಂದು ಕೋಣೆ, ಅದರ ಮೂಲೆಯಲ್ಲೇ ಅಡಿಗೆ. ನೆಲವೆಲ್ಲ ಮರದ ಹಲಗೆ. ನಡೆದರೆ ಹಲಗೆ ಮಾತಾಡುತ್ತದೆ. ಎದುರು ಬಾಗಿಲಿನಲ್ಲಿ ವಿಲ್ಫ್ರೆಡ್ ಎಂಬ ಮುದುಕರು. ನಮ್ಮ ಕಂಕನಾಡಿಯಲ್ಲಿ ಕ್ರೈಸ್ತರ ಇಗರ್ಜಿಯ ಮುಂದೆ ಆ ಹೆಸರು ಹಿಡಿದು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡಿಯಾರು. ಈ ವಿಲ್ಫ್ರೆಡ್ ಮಾತ್ರ ತಿರುಗುವವರಲ್ಲ, ಹುಟ್ಟಿನಿಂದ ಕಿವುಡರು. ದರ್ಜಿಯಾಗಿ ದುಡಿದು ವಿಶ್ರಾಂತಿಯಲ್ಲಿದ್ದರು. ಅವರಿಂದ ಕಲಿಯಬಹುದೆಂದೇ ಸುನಂದ ಅಲ್ಲಿ ಕೋಣೆ ಹಿಡಿದದ್ದು. ಅವರು ಚೀಟಿಯಲ್ಲಿ ಬರೆಯುತ್ತಾರೆ, ಕೈಯಲ್ಲಿ ಹೇಳುತ್ತಾರೆ. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕಿವಿ ಕೇಳದು. ಹಾಗಾಗಿ ನಮ್ಮಿಬ್ಬರಲ್ಲಿ ಮೇಲು ಕೀಳು ಇರಲಿಲ್ಲ.

ಆ ಊರಿನ ಜನ ಒಳ್ಳೆಯವರು, ಆದರೆ ಮಾತು ಕಡಿಮೆ. ಬಸ್ಸಿನಲ್ಲಿ ಮೈಗೆ ಮೈ ತಾಗಿ ಕೂತರೂ "ಎಲ್ಲಿಗೆ, ಎಂತ ವಿಶೇಷ?" ಎಂದು ಕೇಳುವುದಿಲ್ಲ. ನಮ್ಮೂರ ಬಸ್ಸಿನಲ್ಲಿ ಪಂಪ್‌ವೆಲ್‌ನಿಂದ ಜ್ಯೋತಿ ಸ್ಟಾಪಿಗೆ ಹೋಗುವಷ್ಟರಲ್ಲಿ ಪಕ್ಕದವಳ ಮಗಳ ಹೆರಿಗೆಯವರೆಗೆ ವಿಷಯ ತಿಳಿಯುತ್ತದೆ. ಅಲ್ಲಿ ಆರು ವಾರದಲ್ಲಿ ನನ್ನೊಡನೆ ತಾನಾಗಿ ಮಾತಾಡಿದ್ದು ಒಬ್ಬಳೇ ಅಜ್ಜಿ. ನನ್ನ ಚಪ್ಪಲಿ ತೋರಿಸಿ ತಲೆಯ ಮೇಲೆ ಕೈ ಹೊತ್ತಳು. ಮರುದಿನ ಅದೇ ಬಸ್ಸಿನಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ನನ್ನ ಮಡಿಲಿಗೆ ಹಾಕಿ ಇಳಿದುಹೋದಳು. ಹೆಸರು ಸಹ ಗೊತ್ತಿಲ್ಲ. ದಿನಾ ದೀಪ ಹಚ್ಚುವಾಗ ಅವಳಿಗೊಂದು ನಮಸ್ಕಾರ ಈಗಲೂ ಸಲ್ಲುತ್ತದೆ.

ಹನ್ನೊಂದು ಗಂಟೆಯ ಅತಿಥಿ

ಸುನಂದ ಬೆಳಿಗ್ಗೆ ಕಾಲೇಜಿಗೆ ಹೋದ ಮೇಲೆ ನಾನು ಸಾರಿಗೆ ಮಸಾಲೆ ಮಾಡುತ್ತಿದ್ದೆ. ಅರೆಯುವ ಕಲ್ಲಿಲ್ಲ. ದಪ್ಪದೊಂದು ಕಬ್ಬಿಣದ ಬಾಣಲೆಯಲ್ಲಿ ಹುರಿದ ಮೆಣಸು, ಕೊತ್ತಂಬರಿ ಹಾಕಿ, ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ಕುಟ್ಟುವುದು. ನಿಂತು ಮಸಾಲೆ ಕುಟ್ಟುವ ಕ್ರಮ ನನಗೆ ಬಾರದು. ಬಾಣಲೆಯನ್ನು ನೆಲದ ಮೇಲಿಟ್ಟು, ಕಾಲು ಮಡಚಿ ಕೂತು, ದಢ್ ದಢ್.

ಎರಡನೆಯ ದಿನ ಕುಟ್ಟಿ ಮುಗಿಯುವ ಮೊದಲೇ ಯಾರೋ ಬಾಗಿಲು ತಟ್ಟಿದರು. ವಿಲ್ಫ್ರೆಡ್. ಕೋಟು ಹಾಕಿ, ತಲೆ ಬಾಚಿ, ಹುಬ್ಬೆತ್ತಿ ಏನೆಂಬಂತೆ ನಿಂತಿದ್ದರು. ಪಾಪ, ಹುರಿದ ಮಸಾಲೆಯ ಪರಿಮಳಕ್ಕೆ ಬಂದರು, ಕಿವಿ ಇಲ್ಲದವರಿಗೆ ಮೂಗು ಚುರುಕು ಎಂದುಕೊಂಡು ಒಳಗೆ ಕರೆದು ಚಹಾ ಕೊಟ್ಟೆ. ಮರುದಿನವೂ ಕುಟ್ಟಲು ಶುರುಮಾಡುವುದೇ ತಡ, ಬಂದರು. ಅದರ ಮರುದಿನವೂ. ಬರುವಾಗ ಒಮ್ಮೆ ಬಿಸ್ಕತ್ತು ತಂದರು, ಒಮ್ಮೆ ತಾವು ಹೊಲಿದ ಕೈಚೀಲ. ಬಾಗಿಲಿಗೆ ಬಂದ ಅತಿಥಿಯನ್ನು ಬರಿದೆ ಕಳಿಸುವ ಮನೆತನ ನಮ್ಮದಲ್ಲ. ಹನ್ನೊಂದು ಗಂಟೆಯೆಂದರೆ ಅವರಿಗೊಂದು ಲೋಟ ಚಹಾ ಎಂದಾಗಿಬಿಟ್ಟಿತು. ಸುನಂದಳಿಗೆ ಇದನ್ನು ಹೇಳಲಿಲ್ಲ. ಅವಳ ತಲೆಯಲ್ಲಿ ಪರೀಕ್ಷೆಯೇ ತುಂಬಿತ್ತು.

ಎರಡನೆಯ ವಾರ ಅವಳ ಮೇಡಂ ಒಂದು ಅಭ್ಯಾಸ ಪಾಠ ನೋಡಿದರು. ಸಂಜೆ ಸುನಂದ ಬಂದು ಮೇಲಂಗಿಯನ್ನೂ ಬಿಚ್ಚದೆ ಮಂಚದಲ್ಲಿ ಕೂತಳು.

"ಹೀಗೇ ಆದ್ರೆ ನಾಪಾಸು ಅತ್ತಿಗೆ. ಮೇಡಂ ಬಾಯಿಬಿಟ್ಟೇ ಹೇಳಿದ್ರು."

"ಎಂತ ಆಯ್ತು?"

"ಎಂಟು ಮಕ್ಕಳು. ಅವರು ಕಣ್ಣಿನಲ್ಲಿ ಕೇಳುವವರು, ತುಟಿ ನೋಡಬೇಕು. ಒಬ್ಬ ಮಾತಾಡುವಾಗ ಉಳಿದವರು ಕಿಟಕಿ ನೋಡ್ತಾರೆ. ಯಾರು ಮಾತಾಡ್ತಾ ಇದ್ದಾರೆ ಅಂತ ಹುಡುಕಿ ತಿರುಗುವಷ್ಟರಲ್ಲಿ ಮಾತೇ ಮುಗಿದಿರ್ತದೆ. ನಾನೊಬ್ಬಳು ಎಂಟು ಜನರ ಹಿಂದೆ ಓಡುವುದು. ಅವರವರೊಳಗೆ ಮಾತೇ ಇಲ್ಲ. ಎರಡು ಕೈ ಇದ್ದಿದ್ರೆ ಹೇಗೋ ಮಾಡ್ತಿದ್ದೆ."

ಮರುದಿನ ಅವಳು ಕಾಲೇಜಿಗೆ ಹೋಗಲಿಲ್ಲ. ನಾನು ಮಾತಾಡಿಸದೆ ಮಸಾಲೆಗೆ ಕೂತೆ. ನಾಲ್ಕು ಕುಟ್ಟಿರಬೇಕು, ಬಾಗಿಲು ತಟ್ಟಿದ ಶಬ್ದವಾಯಿತು.

"ನೋಡು, ನನ್ನ ಚಹಾದವರು ಬಂದರು," ಎಂದೆ.

ಸುನಂದ ಬಾಗಿಲು ತೆರೆದಳು. ವಿಲ್ಫ್ರೆಡ್ ಅವಳನ್ನು ಕಂಡು ಖುಷಿಯಲ್ಲಿ ಕೈಯಾಡಿಸಿ ಏನೋ ಹೇಳಿದರು, ಚೀಟಿಯಲ್ಲೂ ಬರೆದರು. ಅವಳು ಓದಿದಳು. ನನ್ನನ್ನೂ ಬಾಣಲೆಯನ್ನೂ ನೋಡಿದಳು. ಬಾಗಿಲಿಗೆ ಒರಗಿ ನಗಲು ತೊಡಗಿದವಳು ನಿಲ್ಲಿಸಲೇ ಇಲ್ಲ.

"ಅತ್ತಿಗೆ! ನೀವು ದಿನಾ ಇವರನ್ನು ಕರೀತಿದ್ದೀರಿ ಮಾರಾಯ್ರೆ!"

"ನಾನೆಲ್ಲಿ ಕರೆದೆ? ಇವರೇ ಬರುವುದು."

"ಕಿವುಡರು ಒಬ್ಬರನ್ನೊಬ್ಬರು ಕರೆಯುವುದೇ ನೆಲ ಕುಟ್ಟಿ. ಹಲಗೆ ಅದುರಿದ್ದು ಇವರ ಕುರ್ಚಿಗೆ ಗೊತ್ತಾಗ್ತದೆ. ಪಾಪ, ನೀವು ಕರೆದಿರಿ ಅಂತ ದಿನಾ ಕೋಟು ಹಾಕಿ ಬರ್ತಾರೆ."

"ಮತ್ತೆ ಚೀಟಿಯಲ್ಲಿ ಎಂತ ಬರೆದದ್ದು?"

ಅವಳು ಕಣ್ಣು ಒರೆಸಿ ಓದಿದಳು. "'ನಾನು ಈ ಮನೆಯಲ್ಲಿ ಇಷ್ಟು ವರ್ಷದಿಂದ ಇದ್ದೇನೆ. ಕಿವಿ ಕೇಳುವವರಲ್ಲಿ ನನ್ನನ್ನು ಸರಿಯಾದ ಕ್ರಮದಲ್ಲಿ ಕರೆದವರು ನಿಮ್ಮ ಅತ್ತಿಗೆ ಒಬ್ಬರೇ.'"

ನನಗೆ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕೆ. ನಾನು ಮಸಾಲೆಗೆ ಕುಟ್ಟಿದ್ದೆಂದು ಅವರಿಗೆ ಹೇಳಬಾರದೆಂದು ಸುನಂದಳಿಂದ ಭಾಷೆ ತೆಗೆದುಕೊಂಡೆ. ಸುಳ್ಳಲ್ಲವೇ ಎಂದರೆ, ಇರಬಹುದು. ದೇವರು ಅಷ್ಟನ್ನು ಮನ್ನಿಸುತ್ತಾನೆ.

ಮೂವರೂ ಚಹಾ ಕುಡಿಯುತ್ತಿರುವಾಗ ನನಗೆ ಕಾಟಿಪಳ್ಳದ ತವರುಮನೆಯ ಅಂಗಳ ಕಣ್ಣಿಗೆ ಬಂತು. ಅಲ್ಲಿ ಅವಲಕ್ಕಿ ಕುಟ್ಟುವಾಗ ಒಂದೇ ಒರಳಿಗೆ ಮೂರು ಒನಕೆ. ಹುರಿದ ಭತ್ತ ಆರುವ ಮೊದಲು ಬೇಗ ಬೇಗ ಕುಟ್ಟಬೇಕು. ಯಾರೂ ಲೆಕ್ಕ ಹೇಳುವುದಿಲ್ಲ. ಒಂದು ಒನಕೆ ಬಿದ್ದದ್ದು ಕಾಲಡಿಯಲ್ಲಿ ತಿಳಿಯುತ್ತದೆ, ಕಣ್ಣು ತನ್ನಷ್ಟಕ್ಕೆ ಮುಂದಿನವಳ ಭುಜಕ್ಕೆ ಹೋಗುತ್ತದೆ. ಗಮನ ತಪ್ಪಿದರೆ ಒನಕೆಗೆ ಒನಕೆ ಹೊಡೆದು ಮೂವರಿಗೂ ಬೈಗಳು.

"ನಿನ್ನ ಮಕ್ಕಳನ್ನೂ ಒಂದೇ ಒರಳಿನ ಸುತ್ತ ಕೂರಿಸಬಾರದಾ?" ಎಂದೆ. "ಯಾರಿಗೆ ಮಾತಾಡಲಿಕ್ಕೆ ಉಂಟೋ ಅವರು ಮೊದಲು ಒಂದು ಕುಟ್ಟಲಿ. ಆಮೇಲೆ ಲಟ್ಟಣಿಗೆ ಇನ್ನೊಬ್ಬರಿಗೆ ಕೊಡಲಿ."

ಸುನಂದ ಲೋಟ ಕೆಳಗಿಟ್ಟಳು. "ಕ್ಲಾಸಿನಲ್ಲಿ ಜಮಖಾನೆ ಉಂಟು, ಅದುರುವುದಿಲ್ಲ," ಎಂದಳು. ಸ್ವಲ್ಪ ತಡೆದು, "ಆಟದ ಕೋಣೆಯಲ್ಲಿ ಮರದ ಮೇಜು ಉಂಟು," ಎಂದಳು. ಮತ್ತೆ, "ಮಕ್ಕಳ ಕಿವಿಯ ಯಂತ್ರ ಆ ಶಬ್ದವನ್ನು ಇನ್ನೂ ದೊಡ್ಡದು ಮಾಡ್ತದೆ, ಅವರಿಗೆ ತಡೆಯಲಿಕ್ಕಿಲ್ಲ," ಎಂದು ಮುಖ ಸಣ್ಣ ಮಾಡಿದಳು.

ಅದಕ್ಕೆ ಉಪಾಯ ಕೊಟ್ಟದ್ದು ವಿಲ್ಫ್ರೆಡ್. ಸುನಂದ ಎಡಗೈಯಲ್ಲೇ ಎಲ್ಲ ವಿವರಿಸಿದ ಮೇಲೆ ಅವರು ನನ್ನ ಲಟ್ಟಣಿಗೆ ತೆಗೆದುಕೊಂಡು ಹೋದರು. ಸಂಜೆ ತಂದಾಗ ಅದರ ಎರಡು ತುದಿಗೂ ದಪ್ಪ ಉಣ್ಣೆಬಟ್ಟೆ ಸುತ್ತಿ ಹೊಲಿದಿತ್ತು, ಮದುಮಗನ ಪೇಟದಷ್ಟು ಅಚ್ಚುಕಟ್ಟು. ಮೇಜಿಗೆ ಕುಟ್ಟಿದರೆ ಶಬ್ದ ಸಣ್ಣದು, ಅಂಗೈಗೆ ಮಾತ್ರ ಪೂರ್ತಿ ತಿಳಿಯುತ್ತದೆ.

ಪರೀಕ್ಷೆಯ ದಿನ

ಸುನಂದಳ ಕೈಗೆ ಬದಲಾಗಿ ಸಾಮಾನು ಎತ್ತಿಕೊಡಲು ನನಗೆ ಒಳಗೆ ಕೂರಲು ಅನುಮತಿ ಸಿಕ್ಕಿತು. ಉಣ್ಣೆಬಟ್ಟೆಯಲ್ಲಿ ಕತ್ತರಿಸಿದ ಮೊಟ್ಟೆ, ಬ್ರೆಡ್ಡು, ಹಾಲಿನ ಬಾಟಲಿಯ ಚಿತ್ರಗಳು, ಎಲ್ಲ ವಿಲ್ಫ್ರೆಡ್‌ರ ಕೈಕೆಲಸ. ಸುನಂದ ಹೇಳಿದಾಗ ಅವನ್ನು ಹಲಗೆಗೆ ಅಂಟಿಸುವುದು ನನ್ನ ಕೆಲಸ.

"ಅತ್ತಿಗೆ, ಏನೇ ಆದರೂ ನೀವು ಬಾಯಿ ಬಿಡಬಾರದು ಆಯ್ತಾ? ಪಾಠದ ಪ್ಲಾನ್ ಅವರ ಕೈಯಲ್ಲಿ ಉಂಟು. ಅದರಲ್ಲಿ ಇಲ್ಲದ್ದು ಆಗಬಾರದು."

"ನನ್ನ ಇಂಗ್ಲಿಷಿಗೆ ಬಾಯಿ ಬಿಡಲಿಕ್ಕೆ ಎಂತ ಉಂಟು?" ಎಂದೆ.

ಎಂಟು ಮಕ್ಕಳು ಮೇಜಿನ ಸುತ್ತ ಅಂಗೈ ಊರಿ ಕೂತರು. ಎದೆಯ ಮೇಲೆ ಪಟ್ಟಿಯಲ್ಲಿ ಕಟ್ಟಿದ ಯಂತ್ರ, ಕಿವಿಗೆ ತಂತಿ. ನನ್ನ ಪಕ್ಕದಲ್ಲಿ ಜೇನ್ ಎಂಬ ಏಳು ವರ್ಷದ ಹುಡುಗಿ. ನಾನು ರೂಢಿಯಂತೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕೆ. ಅವಳು ಸೆರಗು ಹಿಡಿದು ಕೆಳಗೆಳೆದಳು, ಗದರುವ ಅತ್ತೆಯಂತೆ. ಬಾಯಿ ಮುಚ್ಚಿದರೆ ಅವಳ ಪಾಲಿಗೆ ಬಾಗಿಲು ಮುಚ್ಚಿದ ಹಾಗೆ. ಹಿರಿಯರ ಮುಂದೆ ಹಲ್ಲು ಕಾಣಿಸಬಾರದೆಂದು ಕಲಿತ ನಾನು ಅಂದು ಹಲ್ಲೆಲ್ಲ ತೋರಿಸಿ ನಕ್ಕೆ.

ಪರೀಕ್ಷಕರು ಎತ್ತರದ ಮುದುಕರು. ಕಾಗದ ಹಿಡಿದು ಮೇಜಿನ ತುದಿಯಲ್ಲಿ ಕೂತರು. ಪಾಠ ಶುರುವಾಯಿತು: ಬೆಳಿಗ್ಗೆ ಏನು ತಿಂದಿರಿ? ಸುನಂದ ಎಡಗೈಯಲ್ಲಿ ಒಮ್ಮೆ ಕುಟ್ಟಿ ಕೇಳಿದಳು. ಎಂಟೂ ತಲೆ ಒಟ್ಟಿಗೆ ತಿರುಗಿದವು. ಒಬ್ಬ ಹುಡುಗ ಕುಟ್ಟಿ "ಎಗ್" ಎಂದ. ಲಟ್ಟಣಿಗೆ ಪಕ್ಕಕ್ಕೆ ಹೋಯಿತು; ದಪ್; ತಲೆಗಳು ತಿರುಗಿದವು. ಕಿಟಕಿ ನೋಡುವವರೇ ಇಲ್ಲ. ಕದ್ರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಜೇನ್ ತನ್ನ ಸರದಿ ಮುಗಿಸಿ, ಲಟ್ಟಣಿಗೆಯನ್ನು ನನ್ನ ಮುಂದೆ ಹಿಡಿದಳು.

ಸುನಂದಳ ಕಣ್ಣು ಬೇಡ ಎಂದಿತು. ಆದರೆ ಆ ಮಗು ಎರಡೂ ಕೈಯಲ್ಲಿ ಹಿಡಿದಿದೆ. ಮಕ್ಕಳು ಕೊಟ್ಟದ್ದನ್ನು ತೆಗೆದುಕೊಳ್ಳದಿರುವುದು ಹೇಗೆ? ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಕುಟ್ಟದಿರುವುದು ಹೇಗೆ? ಕೈಗೆ ತವರಿನ ಅಭ್ಯಾಸ. ಅವಲಕ್ಕಿಗೆ ಕುಟ್ಟಿದಂತೆ ಕುಟ್ಟಿಬಿಟ್ಟೆ. ಎಂಟು ಜೊತೆ ಅಂಗೈ ಮೇಲಕ್ಕೆ ಹಾರಿದವು. ಎಲ್ಲರ ಕಣ್ಣು ನನ್ನ ತುಟಿಯ ಮೇಲೆ.

"ದೋಸೆ," ಎಂದೆ.

ಆ ಮಾತಿನ ಆಕಾರವನ್ನು ಅವರು ಯಾವ ತುಟಿಯ ಮೇಲೂ ಕಂಡವರಲ್ಲ. ಒಬ್ಬ ಹುಡುಗ ನನ್ನ ಕೈಯಿಂದ ಲಟ್ಟಣಿಗೆ ಕಿತ್ತು ಕುಟ್ಟಿ "ವಾಟ್?" ಎಂದ. ಅವನಿಂದ ಇನ್ನೊಬ್ಬಳು ಕಿತ್ತಳು: "ಬ್ರೆಡ್?" "ನೋ!" "ರೌಂಡ್?" ಜೇನ್ ಗಾಳಿಯಲ್ಲಿ ವೃತ್ತ ಬರೆದು ಕೇಳಿದಳು. ನಾನು ಹಿಟ್ಟು ಹೊಯ್ಯುವುದು, ಹರಡುವುದು, ಮಗುಚುವುದು ಎಲ್ಲ ಮಾಡಿ ತೋರಿಸಿದೆ. ಒಬ್ಬ ಕುಟ್ಟಿ ಹೇಳುತ್ತಾನೆ, ಇನ್ನೊಬ್ಬ ಅಲ್ಲವೆಂದು ಕುಟ್ಟುತ್ತಾನೆ, ಮೂರನೆಯವಳು ಇಬ್ಬರಿಗೂ ಬುದ್ಧಿ ಹೇಳುತ್ತಾಳೆ. ಥೇಟ್ ನಮ್ಮ ಹೋಟೆಲಿನ ಬೆಳಗಿನ ಹೊತ್ತು. ಸುನಂದ ಒಂದೂ ಮಾತಾಡದೆ ಹಲಗೆಯ ಪಕ್ಕ ನಿಂತೇ ಇದ್ದಳು. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿದರು. ಪೆನ್ನು ಕಿಸೆಗಿಟ್ಟು, ತಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದರು.

ಬಸ್ಸು ಹತ್ತಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು.

"ನೀವು ಬಾಯಿ ಬಿಟ್ರಿ," ಎಂದಳು ಸುನಂದ.

"ಬಿಟ್ಟೆ."

"ಪ್ಲಾನಿನಲ್ಲಿ ದೋಸೆ ಇರಲಿಲ್ಲ."

"ಇರಲಿಲ್ಲ."

"ಟೀಚರು ಸುಮ್ಮನೆ ನಿಂತದ್ದಕ್ಕೆ ಮಾರ್ಕು ಉಂಟೋ ಇಲ್ಲವೋ, ದೇವರಿಗೇ ಗೊತ್ತು," ಎಂದವಳು ನಕ್ಕಳು. "ಆದರೆ ಅತ್ತಿಗೆ, ಅವರು ಜಗಳ ಮಾಡಿದ್ರು ನೋಡಿದ್ರಾ? ಆ ಎಂಟು ಮಕ್ಕಳು ಅವರವರೊಳಗೆ ಜಗಳ ಮಾಡಿದ್ದು ಇದೇ ಮೊದಲು!" ನಗುನಗುತ್ತಾ ಪ್ಲಾಸ್ಟರ್ ಕೈಯನ್ನು ಮುಂದಿನ ಸೀಟಿಗೆ ಬಡಿದಳು. ಇಡೀ ಬಸ್ಸು ತಿರುಗಿ ನೋಡಿತು.

ಫಲಿತಾಂಶಕ್ಕೆ ಒಂದೂವರೆ ತಿಂಗಳು ಕಾಯಬೇಕಿತ್ತು. ಪ್ಲಾಸ್ಟರ್ ಬಿಚ್ಚಿದ ಮರುವಾರ ನಾನು ಹೊರಟೆ. ಅಂದು ಬೆಳಿಗ್ಗೆ ಅವಳ ಜಡೆಯನ್ನು ಅವಳೇ ಹೆಣೆದಳು, ಸ್ವಲ್ಪ ಸೊಟ್ಟಗೆ.

ಮರಳಿ ಕಂಕನಾಡಿ

ಮನೆಯಲ್ಲಿ ಎಲ್ಲ ಹೇಳಿದೆ: ಹಿಮ, ಬಸ್ಸು, ಕಾಲುಚೀಲ, ವಿಲ್ಫ್ರೆಡ್. ದೋಸೆಯ ವಿಷಯ ಮಾತ್ರ ಹೇಳಲಿಲ್ಲ. ನನ್ನ ಬಾಯಿಯಿಂದ ಅವಳ ಪದವಿ ಹೋದರೆ ಅತ್ತೆಗೆ ಹೇಗೆ ಮುಖ ತೋರಿಸಲಿ? ದಿನಾ ಬೆಳಿಗ್ಗೆ ದೀಪದ ಮುಂದೆ ನಿಂತು, "ತಪ್ಪು ನನ್ನದು, ಶಿಕ್ಷೆ ಅವಳಿಗೆ ಬೇಡ," ಎಂದು ಬೇಡುತ್ತಿದ್ದೆ. ಕದ್ರಿಯಲ್ಲಿ ಹೂವಿನ ಪೂಜೆಯ ಹರಕೆಯೊಂದನ್ನೂ ಹೇಳಿಕೊಂಡೆ.

ಏಪ್ರಿಲಿನಲ್ಲಿ ತಂತಿ ಬಂತು. ಇವರು ಜಗಲಿಯಲ್ಲೇ ಒಡೆದು ಓದಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಕಂಬ ಹಿಡಿದು ನಿಂತೆ.

"ಪಾಸ್!" ಎಂದರು ಇವರು. ಅತ್ತೆ ಕೂತಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದರು. ನಾನು ದೀಪದ ಮುಂದೆ ನಿಲ್ಲಲು ತಿರುಗಿದೆ.

"ತಡಿ, ಇನ್ನೂ ಬರೆದಿದ್ದಾಳೆ." ಇವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಪರೀಕ್ಷಕರು ದೋಸೆ ಮಾಡುವ ಕ್ರಮ ಕೇಳಿದ್ದಾರೆ, ಅತ್ತಿಗೆ ಬರೆದು ಕಳಿಸಲಿ... ಇದೆಂತ ಮಾರಾಯ್ತಿ? ಪರೀಕ್ಷೆಯಲ್ಲಿ ದೋಸೆ ಎಲ್ಲಿಂದ ಬಂತು?"

ಅತ್ತೆಯೂ ನನ್ನ ಕಡೆ ತಿರುಗಿದರು. "ನೀನು ಅಲ್ಲಿ ಎಂತ ಮಾಡಿ ಬಂದದ್ದು?"

ಒಲೆಯ ಮೇಲೆ ಕುಚ್ಚಲಕ್ಕಿ ಕೊತಕೊತ ಕುದಿಯುತ್ತಿತ್ತು. ಇನ್ನು ಎರಡು ನಿಮಿಷ ಬಿಟ್ಟರೆ ಮುದ್ದೆಯಾಗುತ್ತದೆ.

"ಹೇಳ್ತೇನೆ, ಎಲ್ಲ ಹೇಳ್ತೇನೆ," ಎಂದು ಬಾಯಿ ತುಂಬ ನಗುತ್ತಾ ಒಳಗೆ ಹೋಗಿ, ಅನ್ನ ಬಸಿಯಲು ಪಾತ್ರೆ ಇಳಿಸಿದೆ.